ನಾಲ್ಕು ಅಂಕ, ಹದಿನೇಳು ಅಂಕ: ಲಾಕ್‌ಡೌನ್ ಕಾಲದ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಪ್ರಕರಣ

ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆದಿದೆ. ಊರು, ವಯಸ್ಸು, ಮನೆಯವರ ಕೆಲಸ, ಸಂಶೋಧನೆಯ ವಿಷಯ, ಹೀಗೆ ಗುರುತು ಹಿಡಿಯಬಹುದಾದ ಎಲ್ಲವನ್ನೂ ಬದಲಿಸಿದೆ. ಯಾವುದರ ನಂತರ ಯಾವುದು ನಡೆಯಿತು, ಯಾರು ಯಾವ ಹೊತ್ತಿನಲ್ಲಿ ಏನು ತೀರ್ಮಾನಿಸಿದರು ಎಂಬುದನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದೆ. ಗೈಡ್‌ಗಳಿಗೆ, ವಿಭಾಗದ ಮುಖ್ಯಸ್ಥರಿಗೆ, ಆಪ್ತಸಮಾಲೋಚಕರಿಗೆ ಉಪಯೋಗಕ್ಕೆ ಬರುವುದು ಅದೇ.

ಹಿನ್ನೆಲೆ

ಆಕೆಗೆ ಆಗ 28 ವರ್ಷ. ಬ್ರಹ್ಮಾವರದಿಂದ ಒಳಗೆ ಹೋದರೆ ಸಿಗುವ ಹಳ್ಳಿಯೊಂದರಲ್ಲಿ ಹಂಚಿನ ಮನೆ. ಅಮ್ಮ, ಅಜ್ಜಿ, ಸ್ವಲ್ಪ ಅಡಿಕೆ ತೋಟ. ತಂದೆ ಮುಂಬೈಯ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಆಕೆಯೊಬ್ಬಳೇ. 2018ರ ಸೆಪ್ಟೆಂಬರಿನಲ್ಲಿ ಕರಾವಳಿಯ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಗೆ ನೋಂದಣಿಯಾಯಿತು. ಸಂಶೋಧನೆಗೆ ತಿಂಗಳು ತಿಂಗಳು ಹಣ ಬರುವ ಜೆಆರ್‌ಎಫ್ ಫೆಲೋಶಿಪ್ ಇತ್ತು. 2019ರ ಜನವರಿಯಿಂದ ಜಾರಿಯಾದ ದರದಲ್ಲಿ ತಿಂಗಳಿಗೆ 31,000 ರೂಪಾಯಿ. ಎರಡು ವರ್ಷ ಮುಗಿದು ಮೌಲ್ಯಮಾಪನವಾದರೆ ಮುಂದಿನ ಹಂತ, ಎಸ್‌ಆರ್‌ಎಫ್, ಆಗ 35,000. ಈ ಹಣದಲ್ಲಿ ಅರ್ಧ ಮನೆಗೆ ಹೋಗುತ್ತಿತ್ತು.

ವಿಷಯ, ಅಳಿವೆಯ (ನದಿ ಸಮುದ್ರ ಸೇರುವ ಜಾಗದ) ಮರುವಾಯಿಗಳಲ್ಲಿ, ಅಂದರೆ ಚಿಪ್ಪಿನೊಳಗಿರುವ ಜೀವಿಗಳಲ್ಲಿ, ಸೇರಿಕೊಳ್ಳುವ ಭಾರಲೋಹಗಳು. ತಿಂಗಳಿಗೊಮ್ಮೆ ಸಮುದ್ರದ ಇಳಿತದ ಹೊತ್ತು ನೋಡಿ ಮೂರು ಜಾಗಗಳಿಗೆ ಹೋಗಬೇಕು. ಮರುವಾಯಿ ಆರಿಸಿ, ಚಿಪ್ಪು ಬಿಡಿಸಿ, ಒಳಗಿನ ಮಾಂಸವನ್ನು ಪೊಟ್ಟಣ ಕಟ್ಟಿ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿಡಬೇಕು. ಆಮೇಲೆ 60 ಡಿಗ್ರಿಯಲ್ಲಿ ಒಣಗಿಸಿ, ಆಮ್ಲದಲ್ಲಿ ಕರಗಿಸಿ, ಉಪಕರಣದಲ್ಲಿ ಲೋಹ ಅಳೆಯಬೇಕು. 2019ರ ಫೆಬ್ರವರಿಯಿಂದ 24 ತಿಂಗಳು ಸತತವಾಗಿ ಹೀಗೆ ಮಾಡುವುದೆಂದು ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ಯೋಜನೆಯಲ್ಲಿ) ಬರೆದಿತ್ತು. 2020ರ ಮಾರ್ಚ್ ಹೊತ್ತಿಗೆ 14 ತಿಂಗಳು ಮುಗಿದಿತ್ತು.

ಇಲ್ಲಿ ಒಂದು ಮಾತು ವಿವರಿಸಬೇಕು. ಕರಾವಳಿಯಲ್ಲಿ ಇಂಥ ಕೆಲಸಕ್ಕೆ ವರ್ಷವನ್ನು ಮೂರಾಗಿ ಮಾಡುತ್ತಾರೆ: ಫೆಬ್ರವರಿಯಿಂದ ಮೇ ಮಳೆಗಾಲದ ಮುಂಚೆ, ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಅಕ್ಟೋಬರ್‌ನಿಂದ ಜನವರಿ ಮಳೆಗಾಲದ ನಂತರ. ಮಳೆ ಹಿಡಿದ ಮೇಲೆ ಅಳಿವೆಯ ಉಪ್ಪು ಇಳಿದು ನೀರಿನ ಗುಣವೇ ಬದಲಾಗುತ್ತದೆ. ಹಾಗಾಗಿ ಏಪ್ರಿಲ್‌ನಲ್ಲಿ ತಪ್ಪಿದ ಮಾದರಿಯನ್ನು ಆಗಸ್ಟಿನಲ್ಲಿ ತೆಗೆದು ತುಂಬಿಸಲು ಬರುವುದಿಲ್ಲ. ಆ ಏಪ್ರಿಲ್‌ಗೆ ಬದಲು ಬೇಕೆಂದರೆ ಮುಂದಿನ ಏಪ್ರಿಲ್ ಬರಬೇಕು.

ಮಾರ್ಚ್ 22ರ ಜನತಾ ಕರ್ಫ್ಯೂಗೆ ಮುಂಚಿನ ದಿನ ಹಾಸ್ಟೆಲ್ ಖಾಲಿ ಮಾಡಲು ಹೇಳಿದರು. ಎರಡು ವಾರದ ಮಾತು ಎಂದುಕೊಂಡು ಆಕೆ ಒಂದು ಬ್ಯಾಗ್ ಹಿಡಿದು ಮನೆಗೆ ಬಂದಳು. ಫೀಲ್ಡ್ ನೋಟ್‌ಬುಕ್ ಹಾಸ್ಟೆಲ್ ಕೋಣೆಯಲ್ಲಿ ಉಳಿಯಿತು, ಒಂದು ವರ್ಷದ ಅಂಕಿ-ಅಂಶ ಲ್ಯಾಬಿನ ಕಂಪ್ಯೂಟರಿನಲ್ಲಿ. ಮಾರ್ಚ್ 25ರಿಂದ ದೇಶವೇ ಮುಚ್ಚಿತು.

ಕುಸಿತ ಶುರುವಾದ ಬಗೆ

ಮೊದಲ ಮೂರು ವಾರ ಆಕೆ ಚೆನ್ನಾಗಿಯೇ ಇದ್ದಳು. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಆಮೇಲೆ ಎಲ್ಲರೂ "ಮನೆಯಲ್ಲೇ ಕೂತು ಕೂತು ಹೀಗಾಯ್ತು" ಎಂದುಬಿಟ್ಟರು. ಬೆಳಿಗ್ಗೆ ನಾಲ್ಕು ಗಂಟೆ ಕೂತು ಸಾಹಿತ್ಯ ವಿಮರ್ಶೆಯ ಅಧ್ಯಾಯ ಬರೆಯುತ್ತಿದ್ದಳು, ಸಂಜೆ ತೋಟಕ್ಕೆ ನೀರು ಬಿಡುತ್ತಿದ್ದಳು.

ಏಪ್ರಿಲ್ ಎರಡನೇ ವಾರ ಲ್ಯಾಬಿನ ಅಟೆಂಡರ್ ಫೋನ್ ಮಾಡಿದರು. "ಮೇಡಂ, ಕರೆಂಟ್ ಹೋಗಿ ಎರಡು ದಿನ ಆಗಿದೆ ಕಾಣ್ತದೆ. ನಿಮ್ಮ ಫ್ರೀಜರಿನ ಅಡಿಯಿಂದ ನೀರು ಬರ್ತಾ ಉಂಟು. ವಾಸನೆ ಸಹ ಉಂಟು." ಅದರೊಳಗೆ ಜನವರಿ, ಫೆಬ್ರವರಿ, ಮಾರ್ಚ್‌ನ ಒಟ್ಟು 45 ಪೊಟ್ಟಣಗಳಿದ್ದವು, ಒಂದನ್ನೂ ಒಣಗಿಸಿರಲಿಲ್ಲ. ಜನರೇಟರ್ ಸಂಪರ್ಕ ಇದ್ದದ್ದು ಮೇಲಿನ ಮಹಡಿಯ ಮೈನಸ್ 80ರ ಫ್ರೀಜರಿಗೆ ಮಾತ್ರ. ಅಟೆಂಡರ್ ಕರೆಂಟ್ ಸರಿಮಾಡಿಸಿ ಫ್ರೀಜರ್ ಬಾಗಿಲು ಮುಚ್ಚಿದರು. ಒಳಗೆ ಏನು ಉಳಿದಿದೆ ಎಂದು ಯಾರೂ ನೋಡಲಿಲ್ಲ. ಎಲ್ಲವೂ ಹೋಯಿತು ಎಂದೇ ಆಕೆ ತೀರ್ಮಾನಿಸಿದಳು.

ಅದೇ ರಾತ್ರಿ ಗೋಡೆಯ ಕ್ಯಾಲೆಂಡರ್ ಇಳಿಸಿ ಹಿಂದುಗಡೆ ಲೆಕ್ಕ ಹಾಕಿದಳು. ಫೆಬ್ರವರಿ, ಮಾರ್ಚ್ ಫ್ರೀಜರಿನಲ್ಲಿ ಹೋಯಿತು. ಏಪ್ರಿಲ್, ಮೇ ತೆಗೆಯಲು ಆಗುವುದಿಲ್ಲ. ಅಂದರೆ 2020ರ ಮಳೆಗಾಲದ ಮುಂಚಿನ ಋತು ಪೂರ್ತಿ ಇಲ್ಲ. ಮತ್ತೆ ಅದು ಸಿಗುವುದು 2021ರಲ್ಲಿ. ಬೇರೆಯವರು "ಎರಡು ತಿಂಗಳು ತಾನೇ" ಎನ್ನುತ್ತಿದ್ದರು, ಆಕೆಯ ಲೆಕ್ಕದಲ್ಲಿ ಹೋದದ್ದು ಒಂದು ವರ್ಷ. ಲೆಕ್ಕ ತಪ್ಪಿರಲಿಲ್ಲ, ಅದನ್ನು ಕೂತು ಕೇಳುವವರು ಇರಲಿಲ್ಲ.

ಇದರ ಮೇಲೆ ಫೆಲೋಶಿಪ್ ನಿಂತಿತ್ತು. ವಿದ್ಯಾರ್ಥಿ ಕೆಲಸದಲ್ಲಿದ್ದಾರೆ ಎಂದು ಸಂಸ್ಥೆ ತಿಂಗಳು ತಿಂಗಳು ಜಾಲತಾಣದಲ್ಲಿ ದೃಢೀಕರಿಸಿದರೆ ಮಾತ್ರ ಹಣ ಬರುವುದು. ಜನವರಿ, ಫೆಬ್ರವರಿಯದು ಬಾಕಿ ಇತ್ತು, ಮಾರ್ಚ್ ಬಂದಾಗ ಕಚೇರಿ ಮುಚ್ಚಿತು. ಮೇ ಮಧ್ಯದಲ್ಲಿ ತಂದೆ ಕೆಲಸ ಕಳೆದುಕೊಂಡು ಊರಿಗೆ ಬಂದರು. ಆ ತಿಂಗಳು ಮಹಾರಾಷ್ಟ್ರದಿಂದ ಬಂದವರಲ್ಲಿ ಸೋಂಕು ಕಾಣಿಸಿಕೊಂಡು ಉಡುಪಿ ಜಿಲ್ಲೆಯ ಸಂಖ್ಯೆ ಒಮ್ಮೆಲೇ ಏರಿತ್ತು. ತಂದೆಯನ್ನು ಶಾಲೆಯೊಂದರಲ್ಲಿ ಕ್ವಾರಂಟೈನ್ ಮಾಡಿದರು. ಪಕ್ಕದ ಮನೆಯವರು ಬಾವಿಕಟ್ಟೆಗೆ ಬರುವುದನ್ನು ಬಿಟ್ಟರು.

ಮೇ ಕೊನೆಗೆ ಆಕೆಗೆ ನಿದ್ದೆ ಹತ್ತುತ್ತಿದ್ದುದು ಬೆಳಗಿನ ಜಾವ ನಾಲ್ಕರ ಮೇಲೆ, ಏಳುತ್ತಿದ್ದುದು ಹನ್ನೊಂದಕ್ಕೆ. "ನೀನು ಎಂತ ಮಗಾ, ಇಡೀ ದಿನ ಮಲಗುದು?" ಎಂದು ಅಮ್ಮ ಕೇಳುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಎರಡು ತಿಂಗಳಲ್ಲಿ ಐದು ಕಿಲೋ ಇಳಿದಿತ್ತು. ಒಂದು ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಅದರ ಮೊದಲ ಸಾಲು ಮರೆತುಹೋಗುತ್ತಿತ್ತು. ಇದನ್ನು ಆಕೆ ಕಾಯಿಲೆ ಎಂದುಕೊಳ್ಳಲಿಲ್ಲ. ತನಗೆ ಪಿಎಚ್‌ಡಿ ಮಾಡುವ ಯೋಗ್ಯತೆ ಇರಲೇ ಇಲ್ಲ, ಈಗ ಅದು ಹೊರಬಿತ್ತು ಎಂದುಕೊಂಡಳು.

ಮೊದಲು ಮಾಡಿ ಸೋತ ಮೂರು ಪ್ರಯತ್ನ

ಗೈಡ್ ಕೆಟ್ಟವರಲ್ಲ. ವಿದ್ಯಾರ್ಥಿಗಳ ಕೈ ತಪ್ಪಿಹೋಗಬಾರದು ಎಂದು ವಾಟ್ಸಾಪ್ ಗ್ರೂಪಿನಲ್ಲಿ ಪ್ರತಿ ರಾತ್ರಿ ಎಂಟಕ್ಕೆ ಒಂದು ಸಾಲಿನ ಪ್ರಗತಿ ಬರೆಯಲು ಹೇಳಿದರು. ಮೊದಲ ವಾರ ಆಕೆ ನಿಜ ಬರೆದಳು. ಏನೂ ಆಗದ ದಿನ ಬಂದಾಗ "ಮೂರು ಪೇಪರ್ ಓದಿದೆ" ಎಂದು ಬರೆದಳು. ಮರುದಿನವೂ ಬರೆದಳು. ಜೂನ್ ಹೊತ್ತಿಗೆ ಸಂಜೆ ಆರಾದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಏನೂ ಮಾಡಲಿಲ್ಲ ಎಂಬುದಕ್ಕಿಂತ ಸುಳ್ಳು ಹೇಳಿದೆ ಎಂಬುದೇ ಹೆಚ್ಚು ಚುಚ್ಚತೊಡಗಿತು. ಎಲ್ಲರಿಗೂ ಕಾಣುವ ಗ್ರೂಪಿನಲ್ಲಿ ದಿನದ ಲೆಕ್ಕ ಕೇಳಿದರೆ, ಕೆಲಸ ನಡೆಯದವರಿಗೆ ಉಳಿಯುವ ದಾರಿ ಎರಡೇ: ಸುಳ್ಳು ಇಲ್ಲವೇ ಮೌನ. ವಾರಕ್ಕೊಮ್ಮೆ ಹತ್ತು ನಿಮಿಷದ ಖಾಸಗಿ ಫೋನು ಇದಕ್ಕಿಂತ ಎಷ್ಟೋ ಹೆಚ್ಚು ತಿಳಿಸುತ್ತಿತ್ತು.

ಎರಡನೆಯದು ಧೈರ್ಯ ತುಂಬುವ ವೆಬಿನಾರ್‌ಗಳು. ಆಕೆಯ ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿದ್ದುದು ತೋಟದ ಪಂಪ್‌ಶೆಡ್ ಬಳಿ ಮಾತ್ರ. ಎರಡು ಸಲ ಅಲ್ಲಿ ನಿಂತು ಕೇಳಿದಳು, ಮೂರನೆಯದಕ್ಕೆ ಹೋಗಲಿಲ್ಲ.

ಮೂರನೆಯ ಪ್ರಯತ್ನದಿಂದ ಕಲಿಯಲು ಬಹಳ ಇದೆ. ಮೇ ಕೊನೆಯಲ್ಲಿ ವಿಭಾಗದಿಂದ ಒಂದು ಗೂಗಲ್ ಫಾರ್ಮ್ ಬಂತು. ಅದರಲ್ಲಿದ್ದುದು ಪಿಎಚ್‌ಕ್ಯೂ-9, ಖಿನ್ನತೆ ಅಂದಾಜಿಸುವ ಒಂಬತ್ತು ಪ್ರಶ್ನೆಗಳು. ಕಳೆದ ಎರಡು ವಾರದಲ್ಲಿ ಪ್ರತಿ ತೊಂದರೆ ಎಷ್ಟು ದಿನ ಕಾಡಿತು ಎಂಬುದಕ್ಕೆ 0ಯಿಂದ 3 ಅಂಕ, ಒಟ್ಟು 27. ಸಲಕರಣೆ ಒಳ್ಳೆಯದೇ. ಆದರೆ ಫಾರ್ಮಿನ ಮೊದಲ ಎರಡು ಕಡ್ಡಾಯ ಪ್ರಶ್ನೆಗಳು ಹೆಸರು ಮತ್ತು ನೋಂದಣಿ ಸಂಖ್ಯೆ, ಉತ್ತರ ಹೋಗುತ್ತಿದ್ದುದು ವಿಭಾಗದ ಇಮೇಲ್‌ಗೆ. ಸೆಪ್ಟೆಂಬರಿನಲ್ಲಿ ಎಸ್‌ಆರ್‌ಎಫ್ ಮೌಲ್ಯಮಾಪನ ಮಾಡುವವರ ಕಣ್ಣಿಗೆ ಬೀಳುವ ಕಾಗದದಲ್ಲಿ ಯಾರು ನಿಜ ಬರೆಯುತ್ತಾರೆ? ಆಕೆ ತುಂಬಿದ್ದು 4 ಅಂಕ. ಒಂಬತ್ತನೆಯ ಪ್ರಶ್ನೆಗೆ, ಅಂದರೆ ಬದುಕುವುದೇ ಬೇಡ ಅನ್ನಿಸುವ ಯೋಚನೆಗಳ ಪ್ರಶ್ನೆಗೆ, ಸೊನ್ನೆ. ವಿಭಾಗದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ "ತೊಂದರೆ ಇಲ್ಲ" ಎಂದು ದಾಖಲಾಯಿತು.

ತಿರುವು: ಒಂದು ಫೋನು

ಜೂನ್ ಮೂರನೇ ವಾರ, ಅದೇ ಲ್ಯಾಬಿನ ಸೀನಿಯರ್ ಒಬ್ಬಳು ಗ್ರೂಪಿನಲ್ಲಿ ಆಕೆ ಬರೆದ ಸಾಲೊಂದನ್ನು ಗಮನಿಸಿದಳು: "ನಾನು ಇಲ್ಲದಿದ್ದರೂ ಲ್ಯಾಬ್ ನಡೀತದೆ." ಕಳಿಸಿದ ಹೊತ್ತು ಬೆಳಗಿನ ಜಾವ 4.40. ಬೆಳಿಗ್ಗೆಯೇ ಫೋನ್ ಮಾಡಿದಳು. ಸಮಾಲೋಚನೆಯ ತರಬೇತಿ ಇಲ್ಲದಿದ್ದರೂ ಆ ಸೀನಿಯರ್ ಮಾಡಿದ ನಾಲ್ಕೂ ಕೆಲಸ ಸರಿಯಾಗಿದ್ದವು. ಸುತ್ತು ಬಳಸದೆ ನೇರವಾಗಿ ಕೇಳಿದಳು: "ಬದುಕುದು ಬೇಡ ಅಂತ ಅನ್ನಿಸ್ತದಾ ನಿಂಗೆ?" ಉತ್ತರಕ್ಕೆ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಅಮ್ಮ ಹತ್ತಿರ ಬಂದು ಕೂರುವವರೆಗೂ ಫೋನ್ ಇಡಲಿಲ್ಲ. ಮತ್ತು ಸಹಾಯವಾಣಿಯ ನಂಬರ್ ಕಳಿಸಿ ಸುಮ್ಮನಾಗದೆ, ಒಪ್ಪಿಗೆ ಕೇಳಿ, ಸಂಸ್ಥೆಗೆ ಸಂಬಂಧವಿಲ್ಲದ ಆಪ್ತಸಮಾಲೋಚಕಿಯೊಬ್ಬರ ಹತ್ತಿರ ಅದೇ ಸಂಜೆಗೆ ಸಮಯ ಗೊತ್ತುಮಾಡಿದಳು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಅನೇಕರಿಗಿದೆ. ಹಾಗೆ ಆಗುವುದಿಲ್ಲ. ಹೆಚ್ಚಿನವರಿಗೆ ಕೇಳಿದ ಮೇಲೆ ಹಗುರವೇ ಆಗುತ್ತದೆ.

ಸಮಾಲೋಚಕಿ ಮೊದಲು ವಿಚಾರಿಸಿದ್ದು ಮನಸ್ಸಿನ ವಿಷಯವಲ್ಲ. ಈಗ ಎಲ್ಲಿದ್ದೀರಿ, ಹತ್ತಿರ ಯಾರಿದ್ದಾರೆ, ಫೋನ್ ಕಟ್ಟಾದರೆ ಯಾರ ನಂಬರಿಗೆ ಮಾಡಲಿ? ಮಳೆ ಶುರುವಾದ ಮೇಲೆ ಕರೆ ಕಡಿಯುವುದು ಸಾಮಾನ್ಯ, ಅರ್ಧ ಮಾತಿನಲ್ಲಿ ಕಡಿದರೆ ಅಪಾಯ. ಮನೆಯವರು ಹತ್ತಿರವಿದ್ದು ಮಾತಾಡಲು ಆಗದಿದ್ದರೆ "ಪಂಪ್ ಹಾಕ್ಲಿಕ್ಕೆ ಉಂಟು" ಎಂದರೆ ಸಾಕು, ಅರ್ಧ ಗಂಟೆ ಬಿಟ್ಟು ಮತ್ತೆ ಮಾಡುತ್ತೇನೆ ಎಂದು ಗುರುತಿನ ಮಾತೊಂದನ್ನು ಇಟ್ಟುಕೊಂಡರು. ಫೋನಿನ ಸಮಾಲೋಚನೆಯಲ್ಲಿ ಇದು ತೀರಾ ಅಗತ್ಯ. ಹಳ್ಳಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾತಾಡಿದರೆ ಅದೇ ಹತ್ತು ಪ್ರಶ್ನೆಗೆ ಕಾರಣವಾಗುತ್ತದೆ.

ಆಮೇಲೆ ಅದೇ ಒಂಬತ್ತು ಪ್ರಶ್ನೆ. ಈ ಸಲ 17 ಅಂಕ, ಅಂದರೆ ಮಧ್ಯಮಕ್ಕಿಂತ ತೀವ್ರ ಖಿನ್ನತೆ. ಒಂಬತ್ತನೆಯದಕ್ಕೆ 1. ಆತಂಕ ಅಳೆಯುವ ಜಿಎಡಿ-7ರಲ್ಲಿ 21ಕ್ಕೆ 12. ಮೇ ತಿಂಗಳಿನಿಂದ ಸ್ಥಿತಿ ಸ್ವಲ್ಪ ಬಿಗಡಾಯಿಸಿದ್ದು ಹೌದು, ಆದರೆ 4ರಿಂದ 17ಕ್ಕೆ ಏರಲು ಮುಖ್ಯ ಕಾರಣ ಅದಲ್ಲ. ಉತ್ತರ ಯಾರ ಕೈಗೆ ಹೋಗುತ್ತದೆ ಎಂಬುದು ಬದಲಾಗಿತ್ತು, ಅಷ್ಟೇ.

ಚಿಕಿತ್ಸೆ

ಮೊದಲ ದಿನವೇ ಸುರಕ್ಷತೆಯ ಯೋಜನೆಯೊಂದನ್ನು ಬರೆಸಿದರು, ಒಂದೇ ಹಾಳೆಯಲ್ಲಿ. ಯೋಚನೆ ಜೋರಾಗುವ ಮುಂಚೆ ಏನಾಗುತ್ತದೆ (ಆಕೆಗೆ: ಸಂಜೆ ಆರರ ನಂತರ ಎದೆಬಡಿತ), ಆಗ ತಾನೇ ಏನು ಮಾಡಬಹುದು, ಯಾರ ಹತ್ತಿರ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಹೋಗಬೇಕು. ಆಕೆಯ ಒಪ್ಪಿಗೆಯ ಮೇರೆಗೆ ಅಮ್ಮನ ಜೊತೆ ಮಾತಾಡಿ, ತೋಟಕ್ಕೆ ಸಿಂಪಡಿಸುವ ಔಷಧಿಗಳನ್ನು ಚಿಕ್ಕಪ್ಪನ ಮನೆಗೆ ಸಾಗಿಸಿ ಬೀಗ ಹಾಕಿಸಿದರು. ಅಮ್ಮ ಒಂದೇ ಮಾತು ಕೇಳಿದರು: "ನಾನು ರಾತ್ರಿ ಅವಳ ಹತ್ರವೇ ಮಲಗುದಾ?" ಎರಡು ವಾರ ಹಾಗೇ ಮಾಡಿದರು.

ಮೂರನೇ ದಿನ ಮನೋವೈದ್ಯರ ವಿಡಿಯೊ ಭೇಟಿ. ದೂರದಿಂದ ನೋಡಿ ಔಷಧಿ ಬರೆಯಲು ದಾರಿಮಾಡಿದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನ್ ಶುರುವಾದ ದಿನವೇ. ವೈದ್ಯರು ಮೊದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ಏಕೆಂದರೆ ಎರಡರ ಕೊರತೆಯಲ್ಲೂ ಸುಸ್ತು, ಮಂಕು ಬರುತ್ತದೆ. ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ ಕಡಿಮೆಯಿತ್ತು, ಕಬ್ಬಿಣದ ಮಾತ್ರೆ ಸೇರಿತು. ಖಿನ್ನತೆಗೆ ಎಸಿಟಾಲೊಪ್ರಾಮ್, ಒಂದು ವಾರ 5 ಮಿಲಿಗ್ರಾಂ, ಆಮೇಲೆ 10. ಇದು ಆಕೆಗೆ ಬರೆದ ಪ್ರಮಾಣ, ಬೇರೆಯವರಿಗೆ ಅಳತೆಗೋಲಲ್ಲ.

ಐದನೇ ದಿನ ಆಕೆ ಮಾತ್ರೆ ಬಿಡಲು ಹೊರಟಳು. ಹೊಟ್ಟೆ ತೊಳಸುತ್ತಿತ್ತು, ಮನಸ್ಸು ಇದ್ದ ಹಾಗೇ ಇತ್ತು. ಈ ಔಷಧಿಗಳಲ್ಲಿ ಅಡ್ಡಪರಿಣಾಮ ಮೊದಲ ವಾರವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಈ ನಡುವಿನ ದಿನಗಳಲ್ಲೇ ಬಹಳ ಮಂದಿ ಬಿಟ್ಟುಬಿಡುವುದು. ಸಮಾಲೋಚಕಿ ಇದನ್ನು ಮೊದಲೇ ಹೇಳಿ, ನಾಲ್ಕು ಮತ್ತು ಆರನೇ ದಿನಕ್ಕೆ ಫೋನ್ ಇಟ್ಟುಕೊಂಡಿದ್ದರು. ಆ ಆರನೇ ದಿನದ ಫೋನೇ ಚಿಕಿತ್ಸೆಯನ್ನು ಉಳಿಸಿತು. ಮಾತ್ರೆಯನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಿದ ಮೇಲೆ ತೊಳಸುವುದು ಕಡಿಮೆಯಾಯಿತು.

ನಿದ್ದೆಗೆ ಮಾತ್ರೆ ಕೊಡಲಿಲ್ಲ. ಎಷ್ಟಕ್ಕೆ ಮಲಗಿದರೂ ಏಳೂವರೆಗೆ ಏಳುವುದು, ಎದ್ದ ಕೂಡಲೇ ಅಂಗಳಕ್ಕೆ ಬೆಳಕಿಗೆ ಬರುವುದು, ಲ್ಯಾಪ್‌ಟಾಪನ್ನು ಹಾಸಿಗೆಗೆ ತಾರದಿರುವುದು, ನಿದ್ದೆ ಬಾರದೆ ಹೊರಳಾಡುವಂತಾದರೆ ಎದ್ದು ಜಗಲಿಗೆ ಬಂದು ಕೂರುವುದು. ಮೊದಲ ವಾರ ಹಗಲೆಲ್ಲ ತೂಕಡಿಕೆ. ಮೂರನೇ ವಾರದ ಹೊತ್ತಿಗೆ ರಾತ್ರಿ ಹನ್ನೆರಡಕ್ಕೆ ನಿದ್ದೆ ಹತ್ತುವಂತಾಯಿತು. ಓದು-ಬರಹಕ್ಕೆ ದಿನಕ್ಕೆ 25 ನಿಮಿಷದ ಎರಡು ಕಂತು ಮಾತ್ರ, ಹೆಚ್ಚು ಮಾಡಲು ಮನಸ್ಸಾದರೂ ಮಾಡುವಂತಿಲ್ಲ.

ಎರಡನೇ ವಾರ ಅಂಕ 14ಕ್ಕೆ ಇಳಿಯಿತು. ನಾಲ್ಕನೇ ವಾರ ಮತ್ತೆ 14. ನಿದ್ದೆ, ಊಟ ಸುಧಾರಿಸಿತ್ತು, ಆದರೆ "ನನ್ನ ವರ್ಷ ಹೋಯಿತು" ಎಂಬ ಮಾತು ಹಾಗೆಯೇ ಇತ್ತು. ಸಮಾಲೋಚಕಿ ಇಲ್ಲಿ ತಡೆದು ಯೋಚಿಸಿದರು. ಈ ಮಾತು ಖಿನ್ನತೆ ಹುಟ್ಟಿಸಿದ ತಪ್ಪು ಕಲ್ಪನೆಯೇ, ಅಥವಾ ನಿಜವೇ? ಸ್ವಲ್ಪ ಭಾಗವಾದರೂ ನಿಜ. ನಿಜವಾದ ನಷ್ಟವನ್ನು ಸಮಾಲೋಚನೆಯಿಂದ ಕರಗಿಸಲು ಹೋದರೆ ವಿದ್ಯಾರ್ಥಿಯ ನಂಬಿಕೆಯೇ ಹೋಗುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಆಕೆಯ ಪಿಎಚ್‌ಡಿ ಕೆಲಸದ ಪ್ರಗತಿ ನೋಡುವ ಸಂಶೋಧನಾ ಸಮಿತಿಯವರು.

ಒಂದು ಪುಟದ ಕಾಗದ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಹಾಗಾಗಿ ಗೈಡ್‌ಗೆ ಹೋದ ಪತ್ರದಲ್ಲಿ ಕಾಯಿಲೆಯ ಹೆಸರಿರಲಿಲ್ಲ. ಆಕೆ ಓದಿ ಒಪ್ಪಿದ ಮೂರು ಸಾಲು ಮಾತ್ರ: ಆರೋಗ್ಯದ ಕಾರಣದಿಂದ ಕೆಲಸದ ಹೊರೆ ಕಡಿಮೆಯಿರಬೇಕು, ಗ್ರೂಪಿನಲ್ಲಿ ದಿನದ ವರದಿ ಕೇಳಬಾರದು, ಮಾದರಿ ಸಂಗ್ರಹದ ಬಗ್ಗೆ ಸಮಿತಿ ಬರಹದಲ್ಲಿ ತೀರ್ಮಾನ ತಿಳಿಸಬೇಕು. ಗೈಡ್ ಅವತ್ತೇ ರಾತ್ರಿ ಎಂಟರ ವರದಿಯನ್ನು ಎಲ್ಲ ವಿದ್ಯಾರ್ಥಿಗಳಿಗೂ ನಿಲ್ಲಿಸಿದರು. ಆಕೆಯೊಬ್ಬಳಿಗೆ ಬಿಟ್ಟಿದ್ದರೆ ಉಳಿದವರು ಕಾರಣ ಊಹಿಸುತ್ತಿದ್ದರು.

ಸಮಿತಿ ಸೇರುವ ಮುಂಚೆ ಗೈಡ್ ಇನ್ನೊಂದು ಕೆಲಸ ಮಾಡಿದರು. ಜುಲೈಯಲ್ಲಿ ಪಾಸ್ ಪಡೆದು ಲ್ಯಾಬಿಗೆ ಹೋಗಿ, ಅಟೆಂಡರ್ ಜೊತೆ ಫ್ರೀಜರ್ ತೆರೆದು ಪೊಟ್ಟಣಗಳನ್ನು ಒಂದೊಂದಾಗಿ ಟ್ರೇಯಲ್ಲಿ ಹರಡಿದರು. ಕರಗಿ ಮತ್ತೆ ಗಟ್ಟಿಯಾಗಿದ್ದ 45 ಪೊಟ್ಟಣಗಳಲ್ಲಿ 31ರ ಜಿಪ್ ಬಿಗಿಯಾಗಿತ್ತು, ಪೆನ್ಸಿಲಿನಲ್ಲಿ ಬರೆದ ಚೀಟಿ ಓದಲು ಬರುತ್ತಿತ್ತು. ಪೆನ್ನಿನಲ್ಲಿ ಬರೆದವು ಅಳಿಸಿಹೋಗಿದ್ದವು. ಲೋಹ ಕೊಳೆಯುವ ವಸ್ತುವಲ್ಲ. ಕರಗಿದ ನೀರು ಪೊಟ್ಟಣದೊಳಗೇ ಉಳಿದಿದ್ದರೆ, ಅದನ್ನೂ ಸೇರಿಸಿ ಒಣಗಿಸಿ ಒಣತೂಕದ ಲೆಕ್ಕದಲ್ಲಿ ಅಳೆಯಬಹುದು. ಸೋರಿದ ಪೊಟ್ಟಣ ಮಾತ್ರ ಉಪಯೋಗಕ್ಕಿಲ್ಲ. ಟ್ರೇಯ ಫೋಟೊ ತೆಗೆದು ಗೈಡ್ ಆಕೆಗೆ ಕಳಿಸಿದರು, ಕೆಳಗೆ "31" ಎಂದಷ್ಟೇ ಬರೆದು. ಏಪ್ರಿಲ್‌ನಲ್ಲೇ ಯಾರಾದರೂ ಎಣಿಸಿದ್ದರೆ ಮೂರು ತಿಂಗಳ ಸಂಕಟ ಅರ್ಧಕ್ಕರ್ಧ ಉಳಿಯುತ್ತಿತ್ತು.

ಆ 31ರಲ್ಲಿ ಮೂರೂ ತಿಂಗಳ, ಮೂರೂ ಜಾಗಗಳ ಪೊಟ್ಟಣಗಳಿದ್ದವು. ಹಾಗಾಗಿ 2020ರ ಮಳೆಗಾಲದ ಮುಂಚಿನ ಋತುವಿಗೆ ಎರಡು ತಿಂಗಳ ಮಾದರಿ ಸಿಕ್ಕಿದಂತಾಯಿತು. ಸಮಿತಿ ವಿಡಿಯೊದಲ್ಲಿ ಸೇರಿ ಒಂದು ಪುಟದ ತೀರ್ಮಾನ ಬರೆಯಿತು. ತಿಂಗಳ ಸರಣಿಯ ಬದಲು ಋತುಗಳ ಹೋಲಿಕೆ, ಪ್ರತಿ ಋತುವಿಗೂ ಕನಿಷ್ಠ ಎರಡು ತಿಂಗಳ ಮಾದರಿ ಸಾಕು. ತಪ್ಪಿದ ತಿಂಗಳನ್ನು ಅಂದಾಜಿನಿಂದ ತುಂಬಬಾರದು, ತಪ್ಪಿದೆ ಎಂದೇ ಮಹಾಪ್ರಬಂಧದಲ್ಲಿ ಕಾಣಿಸಬೇಕು. ಜನವರಿ-ಜೂನ್ ಅವಧಿಯ ಪ್ರಗತಿ ವರದಿಯನ್ನು ಸಾಹಿತ್ಯ ವಿಮರ್ಶೆಯ ಅಧ್ಯಾಯದ ಆಧಾರದ ಮೇಲೆ ಒಪ್ಪಬೇಕು. ಸಮಿತಿಯ ಮೂವರೂ ಸಹಿ ಹಾಕಿದರು. ಇದೇ ಮಾತುಗಳನ್ನು ಗೈಡ್ ಹಿಂದೆ ಬಾಯಲ್ಲಿ ಹೇಳಿದ್ದುಂಟು: "ನೋಡುವ, ಏನಾದರೂ ಮಾಡುವ, ನೀವು ಹೆದರಬೇಡಿ." ಬಾಯಿಮಾತು ರಾತ್ರಿ ಎರಡು ಗಂಟೆಗೆ ನೆರವಿಗೆ ಬರುವುದಿಲ್ಲ. ಸಹಿ ಇರುವ ಕಾಗದವನ್ನಾದರೆ ತೆಗೆದು ಮತ್ತೆ ಓದಬಹುದು, ಆಕೆ ಓದಿದ್ದಳು ಕೂಡ.

ಆರನೇ ವಾರ ಅಂಕ 9, ಹನ್ನೆರಡನೇ ವಾರ 5. ಔಷಧಿ ಮತ್ತು ಕಾಗದ ಎರಡೂ ಒಂದೇ ಹೊತ್ತಿನಲ್ಲಿ ನಡೆದವು, ಹಾಗಾಗಿ ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ಕ್ರಮ ಮುಖ್ಯ. ಜೂನ್‌ನಲ್ಲಿ ಆ ಕಾಗದ ಬಂದಿದ್ದರೆ ಓದುವ ಶಕ್ತಿಯೇ ಆಕೆಗಿರಲಿಲ್ಲ. ಔಷಧಿ ಮಾತ್ರ ಕೊಟ್ಟು ಕಾಗದ ಬಾರದೆ ಇದ್ದಿದ್ದರೆ 14ರಲ್ಲೇ ನಿಲ್ಲುವ ಲಕ್ಷಣ ಇತ್ತು.

ಎರಡನೇ ಅಲೆ, ಮತ್ತು ಬಗೆಹರಿಯದೆ ಉಳಿದದ್ದು

ಆಗಸ್ಟಿನಿಂದ ಮತ್ತೆ ಅಳಿವೆಗೆ ಇಳಿದು, 2021ರ ಜನವರಿಗೆ ಸಂಗ್ರಹ ಮುಗಿಸಿದಳು: 24ರಲ್ಲಿ 20 ತಿಂಗಳು. ಮಾತ್ರೆಯನ್ನು ಏಪ್ರಿಲ್‌ನಿಂದ ಕಡಿಮೆ ಮಾಡುತ್ತ ಬರುವುದೆಂದಿತ್ತು. ಅಷ್ಟರಲ್ಲಿ ಎರಡನೇ ಅಲೆ ಬಂತು, ಸೋದರತ್ತೆ ತೀರಿಕೊಂಡರು, ಅಂಕ 11ಕ್ಕೆ ಏರಿತು. ಈ ಸಲ ಆಕೆಯೇ ಸಮಾಲೋಚಕಿಗೆ ಫೋನ್ ಮಾಡಿದಳು, ಹಳೆಯ ಹಾಳೆಯಲ್ಲಿದ್ದ ಲಕ್ಷಣ ನೋಡಿ. ವೈದ್ಯರು ಮಾತ್ರೆ ಇಳಿಸುವುದನ್ನು ಆಗಸ್ಟಿಗೆ ಮುಂದೂಡಿದರು.

ಹಣದ ವಿಷಯ ಬಗೆಹರಿಯಲಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2020ರ ಏಪ್ರಿಲ್ 29ರ ಮಾರ್ಗಸೂಚಿಯಲ್ಲಿ ಪಿಎಚ್‌ಡಿಯವರಿಗೆ ಆರು ತಿಂಗಳ ಹೆಚ್ಚುವರಿ ಸಮಯಕ್ಕೆ ಅವಕಾಶ ಕೊಟ್ಟಿತು, ಕೊನೆಯ ಹಂತದಲ್ಲಿದ್ದವರಿಗೆ ಆ ಗಡುವು ಮತ್ತೂ ಮುಂದೆ ಹೋಯಿತು. ಫೆಲೋಶಿಪ್ ಮಾತ್ರ ಒಟ್ಟು ಐದೇ ವರ್ಷ. ಸಮಯ ಸಿಕ್ಕಿತು, ಆ ಸಮಯದಲ್ಲಿ ಉಣ್ಣುವುದಕ್ಕೆ ದಾರಿ ಸಿಗಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಫೆಲೋಶಿಪ್ ಮುಗಿದಾಗ ಎರಡು ಅಧ್ಯಾಯ ಬಾಕಿ ಇತ್ತು. ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತ, ರಾತ್ರಿ ಬರೆದು ಮುಗಿಸಿದಳು.

ವಿಭಾಗದ ಫಾರ್ಮ್ ಈಗ ಬದಲಾಗಿದೆ. ಹೆಸರಿನ ಕಾಲಂ ಇಲ್ಲ, ಉತ್ತರ ಹೊರಗಿನ ಸಮಾಲೋಚಕರಿಗೆ ಹೋಗುತ್ತದೆ, ಬೇಕಾದವರು ಮಾತ್ರ ಕೊನೆಯಲ್ಲಿ ಫೋನ್ ನಂಬರ್ ಬರೆಯಬಹುದು. ಒಂಬತ್ತನೇ ಪ್ರಶ್ನೆಯ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಇದೆ. ಹಗಲು-ರಾತ್ರಿ, ಕನ್ನಡದಲ್ಲೂ ಉತ್ತರ ಸಿಗುತ್ತದೆ, ಹಣ ಕೊಡಬೇಕಿಲ್ಲ. ಮೈನಸ್ 20ರ ಫ್ರೀಜರಿಗೂ ಜನರೇಟರ್ ಸಂಪರ್ಕ ಕೊಟ್ಟಿದ್ದಾರೆ. ಚೀಟಿಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು ಎಂದು ಅದರ ಬಾಗಿಲಿಗೆ ಅಂಟಿಸಿದೆ.